ಸಮಾಧಿಯ ಮೇಲಿನ ಕಸ

ಟರ್ಕಿ ಬ್ರಾಂಚ್, ಜಾರ್ಜಿಯಾ
ಜೂನ್ ೧೧, ೧೯೭೯, ಸೋಮವಾರ

ಪ್ರೀತಿಯ ತಮ್ಮ ಹೋಸಿಯಾ,

ಹೇಗಿದ್ದೀಯ? ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು, ಬೈಯುವುದೇನಿದ್ದರೂ ಆಮೇಲೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅದಕ್ಕೇ ಕೇಳುತ್ತಿದ್ದೇನೆ. ರಕ್ತದೊತ್ತಡದ ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ? ಉಪ್ಪು ಹಾಕಿದ ಹಂದಿಮಾಂಸ ಬಿಟ್ಟಿದ್ದೀಯಾ? ಬಿಟ್ಟಿರುವುದಿಲ್ಲ, ನನಗೆ ಗೊತ್ತು. ನಿಮ್ಮ ಡೆಟ್ರಾಯಿಟಿನಲ್ಲಿ ಈಗಲಾದರೂ ಕೋಟು ಬಿಚ್ಚಿಟ್ಟಿರಬೇಕು. ಇಲ್ಲಿ ಆಗಲೇ ಸೆಕೆ, ಬೆಳಿಗ್ಗೆ ಒಗೆದ ಬಟ್ಟೆ ಮಧ್ಯಾಹ್ನದೊಳಗೆ ಮೈಗೆ ಅಂಟುತ್ತದೆ. ನಾನು ಚೆನ್ನಾಗಿದ್ದೇನೆ. ಮೇಕನ್‌ನಲ್ಲಿ ಮಗಳ ಮನೆಯಲ್ಲಿದ್ದು ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ಈಗ ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ಇಲ್ಲಿಗೆ ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಕುರ್ಚಿ ಎಳೆದುಕೊಂಡು ಕೂತು ಓದು.

ನನ್ನ ಮಗ ಎಲ್ಲಿದ್ದಾನೆ, ಹೋಸಿಯಾ? ನನ್ನ ಎಜ್ರಾ ಎಲ್ಲಿ? ನಲವತ್ತು ವರ್ಷದ ಮೇಲಾಯಿತು ಅವನನ್ನು ಮಣ್ಣಿಗಿಟ್ಟು, ಅವನು ಎಲ್ಲಿದ್ದಾನೆ ಎಂದು ನಾನು ಒಬ್ಬರನ್ನೂ ಕೇಳಬೇಕಾಗಿ ಬಂದಿರಲಿಲ್ಲ. ಕಣ್ಣಿಗೆ ಪೊರೆ ಬಂದು ಮನೆ ಬಾಗಿಲೇ ಮಬ್ಬಾಗಿದ್ದಾಗಲೂ ಪೊರಕೆ ಹಿಡಿದು ಸ್ಮಶಾನಕ್ಕೆ ಹೋಗಿ ನೇರವಾಗಿ ಅವನ ಮುಂದೆ ನಿಲ್ಲುತ್ತಿದ್ದೆ. ಈಗ ಕಣ್ಣು ಬಂದಿದೆ, ಮಗ ಕಾಣುತ್ತಿಲ್ಲ. ಇದು ನೀನು ಮಾಡಿದ ಕೆಲಸ. ಇನ್ನೊಬ್ಬರ ತಲೆಗೆ ಕಟ್ಟಬೇಡ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನ್ನ ಮಗಳು ರೆನೀಟಾ ನನ್ನನ್ನು ಕರೆದುಕೊಂಡು ಹೋಗಲು ಮೇಕನ್‌ಗೆ ಬಂದಳು. ಅಂಚೆಯಲ್ಲಿ ನಾನೇ ಮನೆ ಕೀಲಿ ಕಳಿಸಿದ್ದೆ, ಪಾಪ, ಹುಡುಗಿ ಅಜ್ಜನ ಊರಿನಲ್ಲಿ ನಾಲ್ಕು ದಿನ ಇದ್ದು ಹಳಬರನ್ನು ಮಾತಾಡಿಸಲಿ, ನಿನ್ನ ವಂಶದ ಪುಸ್ತಕಕ್ಕೆ ಬೇಕಾದ್ದು ಬರೆದುಕೊಳ್ಳಲಿ ಎಂದು. ದಾರಿಯುದ್ದಕ್ಕೂ ಅವಳ ಮುಖದಲ್ಲಿ ನಗು. ಏನು ಸಮಾಚಾರವೇ ಎಂದರೆ ನೀವೇ ನೋಡುವಿರಂತೆ ಎಂದಳು. ಮನೆಗೆ ತಿರುಗಬೇಕಾದ ಕಡೆ ತಿರುಗದೆ ಕಾರನ್ನು ಇಗರ್ಜಿಯ ಹಿಂದಕ್ಕೆ ಓಡಿಸಿದಳು. ನನ್ನ ಕೈ ಹಿಡಿದು ಇಳಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದಳು. ಕಣ್ಣು ಬಿಡಿಸಿಕೊಳ್ಳಲು ಅಷ್ಟು ಪಾಡು ಪಟ್ಟು ಬಂದವಳು ನಾನು, ಮಗುವಿನ ಸಂತೋಷಕ್ಕೆಂದು ಮುಚ್ಚಿಕೊಂಡೆ. ಬಿಟ್ಟಾಗ ನನ್ನ ಮುಂದೆ ಹುಲ್ಲು ಇತ್ತು. ಹಸಿರು ಹುಲ್ಲು, ಹೊಸದಾಗಿ ತಂದು ಹಾಸಿದ್ದು, ಬೇಲಿಯಿಂದ ಬೇಲಿಯವರೆಗೆ ಇಸ್ತ್ರಿ ಮಾಡಿದ ಹಾಗೆ ಸಮ. ದಿಬ್ಬಗಳಿಲ್ಲ. ದೇವದಾರು ಮರವಿಲ್ಲ. ಅಪ್ಪನಿಗೆ ನೀನು ಹಾಕಿಸಿದ ಸಿಮೆಂಟು ಹಲಗೆ, ನನ್ನ ಗಂಡ ಲೆಮ್‌ಗೆ ಅವನ ಸಂಘದವರು ನಿಲ್ಲಿಸಿದ ಕಲ್ಲು, ಇನ್ನು ಅಂಥವೇ ಒಂದಷ್ಟು ಮಾತ್ರ ಹುಲ್ಲಿನಲ್ಲಿ ಕೂತಿದ್ದವು. ಮಿಕ್ಕದ್ದೆಲ್ಲ ಬಯಲು. ನಮ್ಮವರು ಸ್ಮಶಾನದಲ್ಲಿ ಒಂದು ಎಸಳು ಹುಲ್ಲು ಬೆಳೆಯಲು ಬಿಟ್ಟವರಲ್ಲ, ಹೋಸಿಯಾ. ಹುಲ್ಲು ಬಂದರೆ ಸತ್ತವರನ್ನು ಕೇಳುವವರಿಲ್ಲ ಎಂದು ಅರ್ಥ ಎನ್ನುತ್ತಿದ್ದಳು ಅಮ್ಮ. ಕೆಂಪು ಮಣ್ಣು ಕಾಣುವಂತೆ ಗುಡಿಸಿ ಗುಡಿಸಿ ಅವಳ ಬೆನ್ನು ಬಾಗಿತ್ತು. ಆ ಮಣ್ಣಿನ ಮೇಲೆ ನೀನು ಬಿಳಿಯರ ಬಂಗಲೆಯ ಮುಂದಿನ ಹುಲ್ಲುಹಾಸು ಹಾಸಿಸಿದೆ.

ಬಟ್ಟಲು ಎಲ್ಲಿ ಎಂದು ಕೇಳಿದೆ. ಯಾವ ಬಟ್ಟಲು ಅತ್ತೆ ಎಂದಳು ರೆನೀಟಾ. ಎಜ್ರಾನ ಬಟ್ಟಲು ಕಣೇ, ನೀಲಿಯದು, ತಳ ತೂತಾದದ್ದು, ಸುತ್ತ ಕಪ್ಪೆಚಿಪ್ಪು ಇತ್ತಲ್ಲ ಎಂದೆ. ಆಗ ಅವಳ ಮುಖದ ನಗು ಹೋಯಿತು. ಮೆಲ್ಲಗೆ ಹೇಳಿದಳು: "ಅತ್ತೆ, ಅಪ್ಪಾನೇ ಹೇಳಿದ್ದು. ಅಲ್ಲಿ ಒಡೆದ ಪಾತ್ರೆ, ಸೀಸೆ, ಕಸ ಎಲ್ಲಾ ಬಿದ್ದಿದೆ, ಮೊದ್ಲು ಅದನ್ನ ತೆಗೆಸು, ಆಮೇಲೆ ನೆಲ ಮಟ್ಟ ಮಾಡ್ಸು ಅಂತ." ನೀನು ಬರೆದು ಕಳಿಸಿದ ಕಾಗದವನ್ನೂ ಚೀಲದಿಂದ ತೆಗೆದು ತೋರಿಸಿದಳು. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಸ್ಲೇಟು ಹಿಡಿಸಿದವಳೇ ನಾನು. ಕಸ ಎಂದು ಬರೆದಿದ್ದೀಯ.

ಆ ಹುಡುಗಿಯನ್ನು ನಾನು ಬೈಯಲಿಲ್ಲ. ನೀನು ಬೈಯುವ ಹಾಗಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ. ಅವಳು ಸಿಮೆಂಟು ರಸ್ತೆಯ ಮೇಲೆ ಬೆಳೆದವಳು. ಸಮಾಧಿಯ ಮೇಲೆ ಬಾಯಿ ಒಡೆದ ಹೂಜಿ, ದೀಪದ ಗಾಜು, ನಿಂತುಹೋದ ಗಡಿಯಾರ, ಖಾಲಿ ಔಷಧಿ ಸೀಸೆ ಬಿದ್ದಿದ್ದರೆ ಅವಳಿಗೆ ಕಸವಾಗಿ ಕಾಣದೆ ಇನ್ನೇನಾಗಿ ಕಾಣಬೇಕು? ಸತ್ತವರು ಕೊನೆಗೆ ಮುಟ್ಟಿದ ವಸ್ತು ಅದು, ಅವರ ಜೊತೆಗೇ ಇರಬೇಕು, ಒಡೆದೇ ಇಡಬೇಕು, ಒಡೆಯದೆ ಇಟ್ಟರೆ ಮನೆಯಿಂದ ಇನ್ನೊಬ್ಬರು ಅವರ ಬೆನ್ನಹಿಂದೆಯೇ ಹೊರಡುತ್ತಾರೆ ಎಂದು ಅವಳಿಗೆ ಹೇಳಿದವರು ಯಾರು? ಹೇಳಬೇಕಾದವನು ನೀನು. ನೀನು ಹೇಳಲಿಲ್ಲ. ಕಲ್ಲು ಕೊಳ್ಳುವ ಯೋಗ್ಯತೆ ಇಲ್ಲದ ನಮ್ಮ ಜನಕ್ಕೆ ಅವೇ ಹೆಸರು, ಅವೇ ವಿಳಾಸ. ಹೂಜಿ ಇದ್ದಲ್ಲಿ ಅಮ್ಮ, ಕನ್ನಡಕ ಇದ್ದಲ್ಲಿ ಸುಕಿ ಮುತ್ತಜ್ಜಿಯ ಮಗಳು ಡಾರ್ಕಸ್, ಅದರ ಆಚೆ ಹೊಲಿಗೆಯಂತ್ರದ ಚಕ್ರ ಇದ್ದಲ್ಲಿ ಚಿಕ್ಕಮ್ಮ. ಮೂವತ್ತು ವರ್ಷ ಅಂಚೆ ಹಂಚಿದವನು ನೀನು. ಒಂದು ಬೀದಿಯ ಮನೆಗಳ ನಂಬರನ್ನೆಲ್ಲ ಒಂದೇ ದಿನ ಕಿತ್ತುಹಾಕಿದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕೆ?

ನಿನಗೆ ಗೊತ್ತಿರಲಿಲ್ಲ ಎಂದು ಮಾತ್ರ ಬರೆಯಬೇಡ. ಅಮ್ಮ ಹೋದಾಗ ನೀನು ಆ ಬೂದು ಸೂಟು ಹಾಕಿಕೊಂಡು ರೈಲಿನಲ್ಲಿ ಬಂದೆ. ಅವಳು ಕೊನೆಯ ದಿನ ನೀರು ಕುಡಿದ ಹೂಜಿಯನ್ನು ಅಪ್ಪ ನಿನ್ನ ಕೈಗೇ ಕೊಟ್ಟ. ಅವನಿಗೆ ಒಡೆಯುವ ಮನಸ್ಸು ಬರಲಿಲ್ಲ. ನೀನು ಸೂಟಿನ ತೋಳು ಮಡಿಸಿ, ಸುತ್ತಿಗೆ ತೆಗೆದುಕೊಂಡು, ಒಂದೇ ಏಟಿಗೆ ತಳ ಒಡೆದು, ತಲೆದೆಸೆಯಲ್ಲಿ ನೆಟ್ಟೆ. ನಿಂತು ನೋಡಿದವಳು ನಾನು. ನೀನು ಅತ್ತದ್ದನ್ನೂ ನೋಡಿದೆ. ಅದೇ ಹೂಜಿಯನ್ನು ಈಗ ಕಸ ಎಂದು ಬರೆಯಲು ನಿನ್ನ ಕೈ ಬಂತಲ್ಲ, ಆ ಕೈಯನ್ನು ಏನೆನ್ನಲಿ?

ನಿನ್ನ ರೋಗ ಎಲ್ಲಿ ಶುರುವಾಯಿತು ಎಂದೂ ನನಗೆ ಗೊತ್ತು. ಲೊರೇನಳನ್ನು ಮದುವೆಯಾಗಿ ಮೊದಲ ಸಲ ಊರಿಗೆ ಕರೆತಂದೆಯಲ್ಲ, ಆಗಲೇ. ಸತ್ತವಳ ಬಗ್ಗೆ ಆಡಬಾರದು, ಒಳ್ಳೆಯ ಹೆಂಗಸು, ನಿನ್ನಂಥವನ ಜೊತೆ ಬಾಳಿದಳು. ಆದರೂ ಆವತ್ತು ಸ್ಮಶಾನದ ಬಾಗಿಲಲ್ಲಿ ಬಿಳಿ ಕೈಚೀಲ ಎದೆಗೆ ಅವುಚಿಕೊಂಡು ನಿಂತು, "ನಿಮ್ಮೋರು ಪಾತ್ರೆ ತೊಳೆಯೋಕೆ ಇಲ್ಲಿಗೇ ಬರ್ತಾರಾ?" ಎಂದಳು. ಹುಡುಗಾಟದ ಮಾತು. ಅವಳು ಕೇಳಿದ್ದು ನನಗೆ ನೋವಾಗಲಿಲ್ಲ. ನೀನು ನಕ್ಕೆ ನೋಡು, ಅದು ನೋವಾಯಿತು. ಅವತ್ತಿನಿಂದ ಊರಿಗೆ ಬಂದಾಗಲೆಲ್ಲ ಸ್ಮಶಾನಕ್ಕೆ ಒಬ್ಬನೇ ಹೋಗಿ ಬೇಗ ಬಂದುಬಿಡುತ್ತಿದ್ದೆ. ಈಗ ಆಗಸ್ಟಿನಲ್ಲಿ ಇಗರ್ಜಿಗೆ ಊರ ಮಕ್ಕಳೆಲ್ಲ ಮರಳುವ ಭಾನುವಾರ, ನಿನ್ನ ವಂಶಶೋಧಕ ಗೆಳೆಯರು ಕ್ಯಾಮೆರಾ ಹಿಡಿದುಕೊಂಡು ಬರುತ್ತಾರಂತೆ, ವಂಶದವರ ಹೆಸರು ಕೆತ್ತಿಸಿದ ಕರಿ ಕಲ್ಲಿನ ಅನಾವರಣವಂತೆ. ಅವರ ಮುಂದೆ ನಿನಗೆ ಮುಜುಗರವಾಗಬಾರದು, ಅದಕ್ಕೆ ನನ್ನ ಮಗನ ಬಟ್ಟಲು ಹೋಗಬೇಕು. ನೆಂಟರು ಬರುತ್ತಾರೆಂದು ಮನೆಯ ಮುದುಕರನ್ನು ಹಿತ್ತಲಿಗೆ ಅಟ್ಟುವವರನ್ನು ಕಂಡಿದ್ದೇನೆ. ಸತ್ತವರನ್ನು ಅಟ್ಟಿದವನು ನೀನೊಬ್ಬನೇ.

ಇನ್ನು ನಿನ್ನ ಪುಸ್ತಕದ ವಿಷಯ. ರೆನೀಟಾ ಟೈಪು ಮಾಡಿದ್ದನ್ನು ಓದಿ ಹೇಳಿದಳು. ಹೊಸ ಕಣ್ಣಿನಲ್ಲಿ ನಾನೂ ಒಂದೊಂದೇ ಸಾಲು ನೋಡಿದೆ. ಸುಕಿ ಮುತ್ತಜ್ಜಿಯನ್ನು ಕಂಡುಹಿಡಿದೆ ಎಂದು ನೀನು ಕುಣಿದದ್ದು ಫೋನಿನಲ್ಲಿ ಕೇಳಿದ್ದೆನಲ್ಲ, ಅವಳು ಸಿಕ್ಕಿದ್ದು ಗುಲಾಮರ ಕಾಲದಲ್ಲಿ ಅವಳ ಧಣಿ ಸತ್ತಾಗ ಆಸ್ತಿ ಲೆಕ್ಕ ಹಾಕಿದ ಕಾಗದದಲ್ಲಿ. ಮೇಲೆ ಎರಡು ಹೇಸರಗತ್ತೆ, ಕೆಳಗೆ ಒಂದು ಬಂಡಿ, ನಡುವೆ ಸುಕಿ. ಆಗಲಿ, ಅವಳ ಹೆಸರನ್ನು ಅಲ್ಲಿಂದ ಎತ್ತಿಕೊಂಡು ಬಂದೆ, ಒಳ್ಳೆಯದೇ ಮಾಡಿದೆ, ಅದಕ್ಕೆ ನಾನೂ ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಆದರೆ ಪುಟ ತಿರುಗಿಸಿ ತಿರುಗಿಸಿ ನಮ್ಮ ಕಾಲಕ್ಕೆ ಬಂದರೆ ನನ್ನ ಹೆಸರಿದೆ, ಲೆಮ್ ಇದ್ದಾನೆ, ಮಗಳಿದ್ದಾಳೆ. ಎಜ್ರಾ ಇಲ್ಲ. ಏಕೆ ಎಂದು ಕೇಳಿದರೆ ರೆನೀಟಾ ತಲೆ ತಗ್ಗಿಸಿ ಹೇಳಿದಳು. ಅವನಿಗೆ ಜನನದ ಕಾಗದ ಇಲ್ಲ, ಮರಣದ ಕಾಗದ ಇಲ್ಲ, ಕೋರ್ಟಿನ ದಾಖಲೆಯಲ್ಲಿ ಸಾಕ್ಷಿ ಸಿಗದವರನ್ನು ಸೇರಿಸಬಾರದೆಂದು ನಿಮ್ಮ ವಂಶಶೋಧಕರ ಸಂಘದಲ್ಲಿ ನಿಯಮವಂತೆ. ಕಲ್ಲಿನ ಮೇಲೂ ಅವನ ಹೆಸರಿಲ್ಲವಂತೆ. ಕಾಗದ ಎಲ್ಲಿಂದ ಬರಬೇಕು? ಅವನನ್ನು ಹಿಡಿದವಳು ಸೂಲಗಿತ್ತಿ, ಅವಳಿಗೆ ಓದು ಬರೆಹ ಬಾರದು. ಅವನು ಹೋದ ಬೇಸಿಗೆ ವಿಷಮಜ್ವರ, ಬಿಳಿ ಡಾಕ್ಟರು ನಮ್ಮ ಕಡೆಯ ರಸ್ತೆಗೇ ಇಳಿಯಲಿಲ್ಲ. ನಮ್ಮ ಮುತ್ತಜ್ಜಿಯನ್ನು ಹೇಸರಗತ್ತೆಯ ಜೊತೆ ಬರೆದವನ ಮಾತು ನಿನಗೆ ಸಾಕ್ಷಿ. ಹೆತ್ತವಳು ನಾನು ಬದುಕಿ ಕೂತಿದ್ದೇನೆ, ನನ್ನ ಮಾತು ಸಾಕ್ಷಿಯಲ್ಲ. ನಿನ್ನ ಹೆಗಲ ಮೇಲೆ ಕೂತು ನಿನ್ನ ಕಿವಿ ಹಿಡಿದುಕೊಂಡು ಹತ್ತಿಯ ಹೊಲವೆಲ್ಲ ಸುತ್ತಿದ ಮಗು ಅದು. ನಿನ್ನನ್ನು "ಹೋಹೋ" ಎಂದು ಕರೆಯುತ್ತಿತ್ತು. ಅವನು ಇದ್ದ ಎಂದು ಹೇಳಲು ನಿನಗೆ ಗುಮಾಸ್ತೆಯ ಮುದ್ರೆ ಬೇಕಾಯಿತೆ?

ಸಭೆಯ ಹಿರಿಯ ರೂಫಸನ ಮನೆಗೆ ಹೋಗಿ ಅವನನ್ನೂ ಚೆನ್ನಾಗಿ ಬೈದೆ. ಸ್ಮಶಾನದ ಬೀಗದ ಕೀಲಿ ಅವನ ಬಳಿ ತಾನೆ ಇರುವುದು? ನೆಲ ಮಟ್ಟ ಮಾಡುವ ಟ್ರಾಕ್ಟರು ಬಂದಾಗ ನೀನು ಎಲ್ಲಿ ಮಲಗಿದ್ದೆ ಎಂದೆ. ಪಾಪ, ಊಟಕ್ಕೆ ಕೂತಿದ್ದ, ಜೋಳದ ರೊಟ್ಟಿ ಕೈಯಲ್ಲೇ ಉಳಿಯಿತು. "ನಿನ್ ತಮ್ಮನ ಮಗಳೇ ನಿಂತು ಮಾಡಿಸ್ತಿದ್ಲು ಐಡೆಲಕ್ಕ, ಕೈಲಿ ಅವರಪ್ಪನ ಕಾಗ್ದ ಬೇರೆ. ನಿನ್ನನ್ನ ಕೇಳೇ ಮಾಡ್ತಿದಾರೆ ಅಂದ್ಕೊಂಡೆ" ಎಂದ. ಮಾರನೆಯ ದಿನ ತನ್ನ ಲಾರಿಯಲ್ಲಿ ನನ್ನನ್ನೂ ರೆನೀಟಾಳನ್ನೂ ಕೂರಿಸಿಕೊಂಡು ಊರಾಚೆಯ ಕಸದ ಗುಂಡಿಗೆ ಕರೆದುಕೊಂಡು ಹೋದ. ನಿನ್ನ ಅಕ್ಕ, ಇಗರ್ಜಿಯ ಹೆಂಗಸರ ಸಂಘಕ್ಕೆ ಹಿರಿಯಳಾದವಳು, ಹಳೆಯ ಟೈರು, ಸತ್ತ ನಾಯಿಗಳ ನಡುವೆ ಜೇನುಹುಳದ ಹಾಗೆ ಮುತ್ತಿದ ನೊಣ ಓಡಿಸುತ್ತಾ ಬಗ್ಗಿ ನಿಂತಿದ್ದಳು, ಅದನ್ನು ಮನಸ್ಸಿನಲ್ಲಿ ನೋಡಿಕೋ. ನಿನ್ನ ಮಗಳು ಹೊಸ ಬೂಟು ಹಾಕಿಕೊಂಡೇ ಗುಂಡಿಗೆ ಇಳಿದಳು, ಅಳುತ್ತಲೇ ಕೆದಕಿದಳು. ಹೂಜಿಯ ಹಿಡಿ ಸಿಕ್ಕಿತು. ಹೊಲಿಗೆಯಂತ್ರದ ಚಕ್ರ ಸಿಕ್ಕಿತು. ಸಂಜೆಯ ಹೊತ್ತಿಗೆ ಅವಳೇ ಕೂಗಿದಳು, ಬಟ್ಟಲು ಸಿಕ್ಕಿತ್ತು.

ಸಿಕ್ಕಿ ಏನು ಬಂತು, ಹೋಸಿಯಾ? ಅದನ್ನು ಎಲ್ಲಿಡಲಿ? ತೊಳೆದು ಸ್ಮಶಾನಕ್ಕೆ ಒಯ್ದೆ. ಹುಲ್ಲಿನ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದೆ. ಇಲ್ಲಿ ಎನ್ನಿಸುತ್ತದೆ, ನಿಂತ ಮೇಲೆ ಅಲ್ಲ ಎನ್ನಿಸುತ್ತದೆ. ಅಮ್ಮನ ಜಾಗ ತಿಳಿಯುತ್ತದೆ, ಅಪ್ಪನ ಸಿಮೆಂಟು ಹಲಗೆಯ ಪಕ್ಕದಲ್ಲೇ. ಎಜ್ರಾ ಅಮ್ಮನ ಎಡಗಡೆ, ಅವಳಿಗೂ ದೇವದಾರು ಮರಕ್ಕೂ ನಡುವೆ ಎಲ್ಲೋ. ಬೇರು ಅಡ್ಡ ಬಂದದ್ದರಿಂದ ಸಾಲು ಬಿಟ್ಟು ಓರೆಯಾಗಿ ತೋಡಿದ್ದರು. ಆ ಮರವನ್ನು ಬುಡಸಮೇತ ಕಿತ್ತು ಗುಂಡಿಗೆ ಮಣ್ಣು ತುಂಬಿದ್ದಾರೆ. ನಾನು ಅವನನ್ನು ಮಣ್ಣಿಗಿಟ್ಟದ್ದು ನೋಡಲಿಲ್ಲ, ನಿನಗೆ ನೆನಪಿದೆ. ಅದೇ ಜ್ವರದಲ್ಲಿ ನಾನೂ ಪ್ರಜ್ಞೆಯಿಲ್ಲದೆ ಬಿದ್ದಿದ್ದೆ. ಅಪ್ಪ, ಲೆಮ್, ನೀನು ಮೂವರೇ ಹೋಗಿ ಬಂದಿರಿ. ನಾನು ಎದ್ದು ಓಡಾಡುವ ಹೊತ್ತಿಗೆ ಮಳೆ ಬಿದ್ದು ದಿಬ್ಬ ಕುಸಿದಿತ್ತು, ಅಪ್ಪ ಆ ಬಟ್ಟಲನ್ನು ತೋರಿಸಿ ಇಲ್ಲೇ ಇದ್ದಾನಮ್ಮ ಎಂದ. ನಾನು ಬಟ್ಟಲನ್ನು ನಂಬಿಕೊಂಡು ಬಾಳಿದೆ.

ಎಲ್ಲಾದರೂ ಒಂದು ಕಡೆ ಇಟ್ಟುಬಿಡು ಐಡೆಲಕ್ಕ, ದೇವರಿಗೆ ಗೊತ್ತಿರುತ್ತದೆ ಎಂದ ರೂಫಸ್. "ದೇವ್ರಿಗೆ ಗೊತ್ತು ಕಣಯ್ಯ, ನಂಗೆ ಗೊತ್ತಾಗ್ಬೇಕು" ಎಂದೆ. ಆಮೇಲೆ ಅವನು ಕಬ್ಬಿಣದ ಸಲಾಕೆ ತಂದ. ಹಳಬರು ಹಾಗೆಯೇ ಮಾಡುವುದಂತೆ, ನೆಲಕ್ಕೆ ಚುಚ್ಚುತ್ತಾ ಹೋದರೆ ತೋಡಿದ ಕಡೆ ಮೆತ್ತಗೆ ಇಳಿಯುತ್ತದಂತೆ. ನನ್ನ ಮಗುವಿನ ಮೇಲೆ ಸಲಾಕೆ ಚುಚ್ಚಬೇಡ ಎಂದು ಕೈಯಿಂದ ಕಿತ್ತುಕೊಂಡೆ. ಟ್ರಾಕ್ಟರು ತುಳಿದ ಮೇಲೆ ಮೆತ್ತಗೆ ಎಲ್ಲಿ ಉಳಿದಿರುತ್ತದೆ? ಬಟ್ಟಲು ಈಗ ಅಡುಗೆಮನೆಯ ಮೇಜಿನ ಮೇಲಿದೆ. ಸತ್ತವರ ವಸ್ತುವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಇಟ್ಟುಕೊಂಡು ಕೂತಿದ್ದೇನೆ.

ನಿನ್ನ ಕಲ್ಲಿನ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಅದನ್ನು ಹೊತ್ತು ತರುವ ಲಾರಿ ಸ್ಮಶಾನದ ಬಾಗಿಲು ದಾಟುವುದಿಲ್ಲ. ಬೀಗದ ಕೀಲಿ ಈಗ ರೂಫಸನ ಬಳಿ ಇಲ್ಲ, ನನ್ನ ಸೊಂಟದಲ್ಲಿದೆ. ಸುಕಿಯಿಂದ ಹಿಡಿದು ಎಲ್ಲರ ಹೆಸರನ್ನೂ ನುಣುಪಾದ ಕಲ್ಲಿನ ಮೇಲೆ ಕೆತ್ತಿಸಿ, ಅವರು ಮಲಗಿದ ಜಾಗವನ್ನೇ ಕಳೆದಿದ್ದೀಯಲ್ಲ, ಆ ಕಲ್ಲನ್ನು ಏನು ಮಾಡಲಿ? ಮಕ್ಕಳು ಬಂದು ಇದರಲ್ಲಿ ಯಾರು ಎಲ್ಲಿದ್ದಾರೆ ಎಂದು ಕೇಳಿದರೆ ಎಲ್ಲರೂ ಎಲ್ಲೋ ಇದ್ದಾರೆ ಎನ್ನಬೇಕೆ? ಎಜ್ರಾನ ಹೆಸರು ಇಲ್ಲದ ಕಲ್ಲು ನನ್ನ ಕಣ್ಣೆದುರು ನಿಲ್ಲುವುದಿಲ್ಲ. ನಿಲ್ಲಿಸಬೇಕೆಂದಿದ್ದರೆ ನನ್ನನ್ನೂ ಅದರ ಕೆಳಗೆ ಇಟ್ಟೇ ನಿಲ್ಲಿಸು.

ಇಷ್ಟು ಬರೆದ ಮೇಲೂ ಸಿಟ್ಟು ಇಳಿದಿಲ್ಲ. ಎದ್ದು ಹೋಗಿ ಎರಡು ಸಲ ಕೈ ತೊಳೆದುಕೊಂಡು ಬಂದೆ. ರೆನೀಟಾ ಇನ್ನೂ ಇಲ್ಲೇ ಇದ್ದಾಳೆ, ಶಾಲೆಗೆ ರಜ ಇದೆಯಂತೆ. ದಿನಾ ಬೆಳಿಗ್ಗೆ ನನ್ನ ಜೊತೆ ಬಂದು ಹುಲ್ಲು ಕೀಳುತ್ತಾಳೆ. ಕೈಯಲ್ಲಿ ಬೊಬ್ಬೆ ಎದ್ದಿದೆ, ಬೇಡವೆಂದರೂ ಕೇಳುವುದಿಲ್ಲ. ಅವಳಿಗೆ ಸಿಹಿಗೆಣಸಿನ ಕಡುಬು ಮಾಡಿಕೊಟ್ಟೆ, ತಿಂದಳು. ಅವಳು ನಿನಗಿಂತ ಒಳ್ಳೆಯವಳು, ಆ ಗುಣ ಲೊರೇನಳಿಂದ ಬಂದಿರಬೇಕು. ನಿನ್ನ ಅಕ್ಕಪಕ್ಕದವರಿಗೆ, ನಿನ್ನ ಸಭೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನನ್ನು ದೇವರು ಕಾಪಾಡಲಿ. ನಾನು ಸದ್ಯಕ್ಕೆ ಕ್ಷಮಿಸುವುದಿಲ್ಲ, ಆ ಕೆಲಸವನ್ನೂ ಅವನೇ ನೋಡಿಕೊಳ್ಳಲಿ.

ಇಂತಿ ನಿನ್ನ ಅಕ್ಕ,
ಐಡೆಲಾ

ಮರೆತಿದ್ದೆ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬರೆಯಲು ಆಗಲಿಲ್ಲ. ನಿನ್ನೆ ರೆನೀಟಾ ಎಲ್ಲವನ್ನೂ ಹೇಳಿದಳು. ನಿನ್ನ ಹೊಟ್ಟೆಯಲ್ಲಿರುವ ಗಡ್ಡೆ, ಡಾಕ್ಟರು ಹೇಳಿದ ಗಡುವು, ಅಮ್ಮನ ಎಡಗಡೆಯ ಜಾಗ ನಿನಗೆ ಬೇಕೆಂದು ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡದ್ದು, ಎಲ್ಲವನ್ನೂ. ನಿನ್ನ ಬರವಿಗೆಂದು ನೆಲ ಗುಡಿಸಿಕೊಂಡೆಯಾ, ಮೂರ್ಖ? ನನಗೊಂದು ಮಾತು ಹೇಳಿದ್ದರೆ ನಾನೇ ಗುಡಿಸುತ್ತಿರಲಿಲ್ಲವೇ? ಜಾಗ ಇಲ್ಲವೆನ್ನುವುದಿಲ್ಲ, ಅದು ನಿನ್ನದೂ ಹೌದು. ಆದರೆ ಅಮ್ಮನ ಎಡಗಡೆಗೇ ಎಜ್ರಾನೂ ಇರುವುದು. ಅವನಿಗೆ ಮಣ್ಣು ತೋಡಿದ ಮೂವರಲ್ಲಿ ಉಳಿದಿರುವವನು ನೀನೊಬ್ಬನೇ. ಆಗಸ್ಟಿನವರೆಗೆ ಕಾಯಬೇಡ, ಈ ವಾರದ ಬಸ್ಸಿಗೇ ಹೊರಡು. ಪೆಟ್ಟಿಗೆಯಲ್ಲಿ ಬರಬೇಡ, ಕಾಲ ಮೇಲೆ ನಡೆದು ಬಾ. ಬಂದು ಅವನು ಎಲ್ಲಿದ್ದಾನೆಂದು ಬೆರಳಿಟ್ಟು ತೋರಿಸು. ತೋರಿಸದೆ ಹೋದರೆ, ನಿನಗೆ ತೋಡುವವರ ಗುದ್ದಲಿ ಮೊದಲು ಅವನಿಗೆ ತಗಲುತ್ತದೆ.